ಬಗ್ಗಿದವರಿಗೊಂದು ಗುದ್ದು ಹೆಚ್ಚು

ಹೊಂದಿಕೊಳ್ಳಬೇಕಂತೆ. ಎಲ್ಲರೂ ಹೇಳುತ್ತಿದ್ದಾರೆ. ಕಂಪನಿಯ ಎಚ್.ಆರ್. ಹೇಳುತ್ತಾರೆ. ಕಾಲೇಜಿನ ಪ್ರಿನ್ಸಿಪಾಲರು ಹೇಳುತ್ತಾರೆ. ಟಿ.ವಿ.ಯಲ್ಲಿ ಬೆಳಗ್ಗೆ ಬರುವ ಜ್ಯೋತಿಷಿಯೂ ಹೇಳುತ್ತಾನೆ. ಬಾಡಿಗೆ ಏರಿಸಿದ ಮರುಕ್ಷಣವೇ ಮನೆ ಮಾಲೀಕರು ಹೇಳುತ್ತಾರೆ. ಕಾಲ ಬದಲಾಗಿದೆ, ನೀವೂ ಬದಲಾಗಿ.

ಒಂದು ಸಂಗತಿ ಗಮನಿಸಿ. ಈ ಉಪದೇಶ ಕೆಳಗಿನಿಂದ ಮೇಲಕ್ಕೆ ಹೋದದ್ದನ್ನು ಯಾರೂ ಕಂಡಿಲ್ಲ. ಮಾಲೀಕ ಆಳಿಗೆ ಹೇಳುತ್ತಾನೆ. ಅತ್ತೆ ಸೊಸೆಗೆ ಹೇಳುತ್ತಾಳೆ. ಸರ್ಕಾರ ಪ್ರಜೆಗೆ ಹೇಳುತ್ತದೆ. ಸೊಸೆ ತಿರುಗಿ "ನೀವೂ ಸ್ವಲ್ಪ ಹೊಂದಿಕೊಳ್ಳಿ ಅತ್ತೆ" ಎಂದರೆ ಅವಳಿಗೆ ಬಾಯಿ ಜೋರು. ನೌಕರ ಮ್ಯಾನೇಜರಿಗೆ ಅಂದರೆ ಆಟಿಟ್ಯೂಡ್ ಪ್ರಾಬ್ಲಂ. ಪ್ರಜೆ ಸರ್ಕಾರಕ್ಕೆ ಅಂದರೆ ಅಭಿವೃದ್ಧಿ ವಿರೋಧಿ.

ಈಗ ಇದಕ್ಕೊಂದು ಉದ್ಯಮವೇ ಹುಟ್ಟಿಕೊಂಡಿದೆ. ಹೋಟೆಲಿನ ಎ.ಸಿ. ಹಾಲು, ಗುಂಡು ಮೇಜು, ಮೇಜಿನ ಮೇಲೆ ಪೆಪ್ಪರ್‌ಮೆಂಟು, ಮಧ್ಯಾಹ್ನಕ್ಕೆ ಬಫೆ. ವೇದಿಕೆಯ ಮೇಲೆ ಕಿವಿಗೆ ಮೈಕು ಸಿಕ್ಕಿಸಿಕೊಂಡ ತರಬೇತುದಾರ. ಮೊದಲ ಚಟುವಟಿಕೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. "ಎಲ್ಲರೂ ಕೈಕಟ್ಟಿ. ಈಗ ಬಿಡಿಸಿ, ಉಲ್ಟಾ ಕಟ್ಟಿ. ಕಷ್ಟ ಆಯ್ತಲ್ವಾ? ಚೇಂಜ್ ಅಂದ್ರೆ ಇಷ್ಟೇ!" ಚಪ್ಪಾಳೆ.

ಕೈಕಟ್ಟಿ ನಿಲ್ಲುವುದನ್ನು ನಮ್ಮ ತಾತಂದಿರು ಗೌಡರ ಜಗಲಿಯ ಮುಂದೆ ಪುಕ್ಕಟೆ ಕಲಿತಿದ್ದರು. ಮೊಮ್ಮಕ್ಕಳಿಗೆ ಫೀ ಕೊಟ್ಟು ಕಲಿಸಬೇಕಾಗಿದೆ. ಎಡಗೈ ಮೇಲಿರಬೇಕೋ ಬಲಗೈಯೋ ಎಂಬುದಷ್ಟೇ ಈಗಿನ ಚರ್ಚೆ. ಕೈಯನ್ನು ಕಟ್ಟಲೇಬೇಕೇ ಎಂದು ಆ ಹಾಲಿನಲ್ಲಿ ಯಾರೂ ಕೇಳುವುದಿಲ್ಲ. ಬಫೆ ತಪ್ಪಿಹೋದೀತು.

ಆಮೇಲೆ ಪರದೆಯ ಮೇಲೆ ಡಾರ್ವಿನ್ ಬರುತ್ತಾನೆ. ಬಿಳಿಗಡ್ಡ, ಗಂಭೀರ ಮುಖ, ಪಕ್ಕದಲ್ಲಿ ಒಂದು ನುಡಿಮುತ್ತು. ಬಲಶಾಲಿ ಉಳಿಯುವುದಿಲ್ಲ, ಬುದ್ಧಿವಂತನೂ ಉಳಿಯುವುದಿಲ್ಲ, ಬದಲಾವಣೆಗೆ ಒಗ್ಗಿಕೊಳ್ಳುವವನೇ ಉಳಿಯುತ್ತಾನೆ ಎಂಬ ಅರ್ಥದ್ದು. ಎಲ್ಲರೂ ಮೊಬೈಲಿನಲ್ಲಿ ಅದರ ಫೋಟೊ ಹೊಡೆದುಕೊಳ್ಳುತ್ತಾರೆ.

ಡಾರ್ವಿನ್ ಆ ಮಾತು ಬರೆದೇ ಇಲ್ಲ. ಅದು ಲಿಯಾನ್ ಮೆಗಿನ್ಸನ್ ಎಂಬ ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ 1963ರಲ್ಲಿ ಡಾರ್ವಿನ್ನನನ್ನು ತನಗೆ ತೋಚಿದ ಹಾಗೆ ವಿವರಿಸುತ್ತ ಆಡಿದ ಮಾತು. ಬಾಯಿಂದ ಬಾಯಿಗೆ ಹೋಗುತ್ತ ಪ್ರಾಧ್ಯಾಪಕ ಕಳಚಿಬಿದ್ದ, ಗಡ್ಡ ಉಳಿಯಿತು. ಮ್ಯಾನೇಜ್‌ಮೆಂಟಿನ ಸರಕು ವಿಜ್ಞಾನದ ಹೆಸರಿನಲ್ಲಿ ಮಾರಾಟವಾಯಿತು.

ನಿಜವಾದ ಡಾರ್ವಿನ್ ಹೇಳಿದ್ದು ಇದಕ್ಕಿಂತ ಕಠೋರ. ಪ್ರಾಣಿಗಳು ಕಾರ್ಯಾಗಾರಕ್ಕೆ ಹೋಗಿ ಬದಲಾಗಲಿಲ್ಲ. ಪರಿಸರಕ್ಕೆ ಹೊಂದುವ ಗುಣ ಹುಟ್ಟಿನಿಂದಲೇ ಇದ್ದವು ಬದುಕಿ ಮರಿ ಹಾಕಿದವು, ಇಲ್ಲದವು ಸತ್ತವು. ಕಂಪನಿಗಳಿಗೆ ಇದು ಗೊತ್ತಿಲ್ಲ ಎನ್ನಬೇಡಿ. ಮೊದಲ ಅರ್ಧವನ್ನು ಪರದೆಯ ಮೇಲೆ ತೋರಿಸುತ್ತಾರೆ. ಎರಡನೆಯ ಅರ್ಧವನ್ನು ಇಮೇಲಿನಲ್ಲಿ ಕಳಿಸುತ್ತಾರೆ.

ಇನ್ನೊಂದು ಪವಿತ್ರ ಗ್ರಂಥವಿದೆ. ಸ್ಪೆನ್ಸರ್ ಜಾನ್ಸನ್ 1998ರಲ್ಲಿ ಬರೆದ 'ಹೂ ಮೂವ್ಡ್ ಮೈ ಚೀಸ್?'. ಎರಡು ಇಲಿ, ಇಬ್ಬರು ಪುಟ್ಟ ಮನುಷ್ಯರು, ಒಂದು ಚಕ್ರವ್ಯೂಹ. ಒಂದು ದಿನ ಚೀಸ್ ಮಾಯ. ಇಲಿಗಳು ಮಾತಿಲ್ಲದೆ ಬೇರೆ ಚೀಸ್ ಹುಡುಕಿಕೊಂಡು ಓಡುತ್ತವೆ, ಜಾಣ ಎನಿಸಿಕೊಳ್ಳುತ್ತವೆ. "ಇಲ್ಲಿದ್ದ ನನ್ನ ಚೀಸ್ ಏನಾಯ್ತು?" ಎಂದು ಕೂಗಾಡುವ ಹೆಮ್ ಎಂಬ ಮನುಷ್ಯ ದಡ್ಡನಾಗುತ್ತಾನೆ. ಕಂಪನಿಗಳು ಈ ಪುಸ್ತಕವನ್ನು ಕಟ್ಟುಗಟ್ಟಲೆ ಕೊಂಡು ನೌಕರರಿಗೆ ಹಂಚಿದವು. ಹಂಚದೆ ಇರುತ್ತಾರೆಯೇ? ಚೀಸ್ ಸರಿಸಿದವರು ಯಾರು ಎಂಬ ಪ್ರಶ್ನೆ ಮುಖಪುಟದಲ್ಲೇ ಇದೆ. ಉತ್ತರ ಒಳಗೆ ಎಲ್ಲೂ ಇಲ್ಲ. ಕೇಳಿದವನಿಗೆ ಮಾತ್ರ ಶಿಕ್ಷೆ ಇದೆ.

ಇನ್ನು ಫ್ಲೆಕ್ಸಿಬಲ್ ಟೈಮಿಂಗ್ ಎಂಬ ವರದಾನ. ಬೆಳಗ್ಗೆ ಬರಬೇಕಾದ ಹೊತ್ತು ಬಾಗಿಲಿನ ಪಂಚಿಂಗ್ ಯಂತ್ರಕ್ಕೆ ಚೆನ್ನಾಗಿ ಗೊತ್ತು. ಸಂಜೆ ಹೋಗಬೇಕಾದ ಹೊತ್ತು ದೇವರಿಗೂ ಗೊತ್ತಿಲ್ಲ. ರಾತ್ರಿ ಹತ್ತಕ್ಕೆ ಅಮೆರಿಕದ ಕಾಲ್. ಅಲ್ಲಿನವರು ತಮ್ಮ ತಿಂಡಿಯ ಹೊತ್ತು ತಪ್ಪಿಸುವುದಿಲ್ಲ, ಇಲ್ಲಿನವರು ನಿದ್ದೆ ತಪ್ಪಿಸಬೇಕು.

ನೌಕರ ಬಿಡುವುದಾದರೆ ತೊಂಬತ್ತು ದಿನದ ನೋಟಿಸ್ ಪೀರಿಯಡ್. ಕಂಪನಿ ಬಿಡಿಸುವುದಾದರೆ ಹನ್ನೊಂದು ಗಂಟೆಗೆ ಮೀಟಿಂಗ್, ಹನ್ನೊಂದೂವರೆಗೆ ಲ್ಯಾಪ್‌ಟಾಪ್ ಲಾಕ್. 2020ರಲ್ಲಿ ಮನೆಯೇ ಆಫೀಸಾಯಿತು. ಕುರ್ಚಿ ನಮ್ಮದು, ಕರೆಂಟು ನಮ್ಮದು, ಅಡುಗೆಮನೆಯ ಕುಕ್ಕರ್ ಸೀಟಿಗೆ ಕ್ಷಮೆ ಕೇಳಿದವರೂ ನಾವೇ. ಆಗ ಅದು ಕೆಲಸದ ಭವಿಷ್ಯ ಎಂದರು. ಸೋಂಕು ಇಳಿಯಿತು, ಕಟ್ಟಡದ ಬಾಡಿಗೆ ನೆನಪಾಯಿತು. ಆಫೀಸಿಗೆ ಬಾರದಿದ್ದರೆ ಕಂಪನಿಯ ಸಂಸ್ಕೃತಿ ಹಾಳಾಗುತ್ತದೆ ಎಂದರು. ಎರಡು ಸಲವೂ ಒಗ್ಗಿಕೊಂಡವರು ಯಾರು?

ಹಿರಿಯರ ಆಶೀರ್ವಾದಕ್ಕಂತೂ ಕೊರತೆಯಿಲ್ಲ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೊಸಿಸ್‌ನ ನಾರಾಯಣಮೂರ್ತಿ 2023ರ ಅಕ್ಟೋಬರಿನಲ್ಲಿ ಅಪ್ಪಣೆ ಕೊಡಿಸಿದರು. 2025ರ ಜನವರಿ ಬರುವಷ್ಟರಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿದರು, ಭಾನುವಾರವನ್ನೂ ಬಿಡಲಿಲ್ಲ. ಹರಾಜು ನಡೆಯುತ್ತಿದೆ. ಮಾಲು ನಮ್ಮ ಭಾನುವಾರ. ಸಂಬಳದ ಸವಾಲು ಕೂಗುವವರು ಮಾತ್ರ ಯಾರೂ ಇಲ್ಲ.

ಸರ್ಕಾರ ಹಿಂದೆ ಬೀಳುತ್ತದೆಯೇ? 2023ರ ಫೆಬ್ರವರಿಯಲ್ಲಿ ರಾಜ್ಯದ ಬಿಜೆಪಿ ಸರ್ಕಾರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75 ಗಂಟೆಯಿಂದ 145ಕ್ಕೆ ಏರಿಸಿತು. ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕು ಎಂಬ ಷರತ್ತೂ ಇತ್ತು. ಗಾರ್ಮೆಂಟ್ಸ್ ಸೂಪರ್‌ವೈಸರ್ ಮುಂದೆ "ನನ್ನ ಒಪ್ಪಿಗೆ ಇಲ್ಲ ಸಾರ್" ಎಂದು ಬರೆದುಕೊಟ್ಟು ಮರುದಿನ ಕೆಲಸಕ್ಕೆ ಬಂದ ಹೆಣ್ಣುಮಗಳನ್ನು ಯಾರಾದರೂ ಕಂಡಿದ್ದರೆ ತಿಳಿಸಿ, ಸನ್ಮಾನ ಮಾಡೋಣ.

ಸರ್ಕಾರ ಬದಲಾಯಿತು. ಗಡಿಯಾರ ಬದಲಾಗಲಿಲ್ಲ. 2024ರ ಜುಲೈನಲ್ಲಿ ಕಾಂಗ್ರೆಸ್ ಸರ್ಕಾರದ ಮುಂದೆ ಐ.ಟಿ. ನೌಕರರ ದಿನವನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾವ ಬಂತು. ನೌಕರರ ಸಂಘ ಬೀದಿಗೆ ಬಂದ ಮೇಲೆ ತಣ್ಣಗಾಯಿತು. 2025ರ ಜೂನ್‌ನಲ್ಲಿ ಅಂಗಿ ಬದಲಿಸಿ ಮತ್ತೆ ಬಂತು. ದಿನಕ್ಕೆ 10 ಗಂಟೆ, ಓವರ್‌ಟೈಮ್ ಸೇರಿ 12. ಸಿದ್ಧಾಂತದಲ್ಲಿ ಎಣ್ಣೆ ಸೀಗೆಕಾಯಿಯಾಗಿರುವ ಎರಡು ಪಕ್ಷಗಳು ನಮ್ಮ ಬೆನ್ನಿನ ವಿಷಯದಲ್ಲಿ ಎಷ್ಟು ಅನ್ಯೋನ್ಯ!

ಅದೇ 2024ರ ಜುಲೈನಲ್ಲಿ ಇನ್ನೊಂದು ಪ್ರಹಸನವೂ ನಡೆಯಿತು. ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಹುಬ್ಬು ಗಂಟಿಕ್ಕಿದರು. ನಮ್ಮಿಂದಾಗದು ಎಂದರು. ಎರಡೇ ದಿನದಲ್ಲಿ ಮಸೂದೆ ಶೈತ್ಯಾಗಾರ ಸೇರಿತು. ಮಸೂದೆ ಒಳ್ಳೆಯದೋ ಕೆಟ್ಟದ್ದೋ, ಅದು ಬೇರೆ ಮಾತು. ಯಾರಿಗೆ ಯಾರು ಹೊಂದಿಕೊಂಡರು ನೋಡಿ. ಬದಲಾವಣೆಗೆ ಒಗ್ಗಿಕೊಳ್ಳಿ ಎಂದು ನೌಕರರಿಗೆ ಕಾರ್ಯಾಗಾರ ನಡೆಸುವವರೇ ತಮ್ಮ ಬುಡಕ್ಕೆ ಬದಲಾವಣೆ ಬಂದಾಗ ಒಂದು ಇಂಚೂ ಬಗ್ಗಲಿಲ್ಲ. ಬಗ್ಗಿದ್ದು ವಿಧಾನಸೌಧ.

ದರದ ಕಥೆ ಕೇಳಿ. 2025ರ ಫೆಬ್ರವರಿ 9ಕ್ಕೆ ನಮ್ಮ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹಾರಿತು. ಅದಕ್ಕೂ ಮೊದಲು ಜನವರಿಯಲ್ಲಿ ಬಸ್ಸಿಗೆ ಶೇ 15 ಏರಿಸಿಯಾಗಿತ್ತು. ನಂದಿನಿ ಹಾಲಿನದಂತೂ ಯೋಗಾಸನ. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಎಂ.ಎಲ್. ಸೇರಿಸಿ 2 ರೂಪಾಯಿ ಹೆಚ್ಚಿಸಿದರು. ಇದು ದರ ಏರಿಕೆಯಲ್ಲ, ಹಾಲಿನ ಏರಿಕೆ ಎಂದರು. 2025ರ ಏಪ್ರಿಲ್ 1ಕ್ಕೆ ಆ 50 ಎಂ.ಎಲ್. ವಾಪಸ್ ಹೋಯಿತು. ಲೀಟರಿಗೆ 4 ರೂಪಾಯಿ ಬಂದು ಕೂತಿತು. ಪ್ಯಾಕೆಟ್ ಹಿಗ್ಗಿತು, ಕುಗ್ಗಿತು. ಬೆಲೆಗೆ ಹಿಗ್ಗುವ ಆಸನ ಮಾತ್ರ ಬರುತ್ತದೆ.

ಮೆಟ್ರೊ ಮತ್ತು ಹಾಲಿನ ಈ ಏರಿಕೆಗಳ ನಡುವೆ, 2025ರ ಮಾರ್ಚ್ 21ರಂದು, ವಿಧಾನಸಭೆಯಲ್ಲಿ ಏನಾಯಿತು ನೆನಪಿದೆಯೇ? ಹನಿಟ್ರ್ಯಾಪ್ ಆರೋಪ, ಗುತ್ತಿಗೆಗಳಲ್ಲಿನ ಮೀಸಲಾತಿಯ ವಿಚಾರಕ್ಕೆ ಸದನದಲ್ಲಿ ಕಾಗದ ಹರಿದು ತೂರಾಟ ನಡೆದಿತ್ತು. ಅದೇ ದಿನ ಪ್ರತಿಪಕ್ಷದ 18 ಶಾಸಕರು ಅಮಾನತಾದರು. ಆ ಗದ್ದಲದ ನಡುವೆಯೇ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರುವ ಮಸೂದೆಗಳು ಚರ್ಚೆಯಿಲ್ಲದೆ ಪಾಸಾದವು. ಹನಿಟ್ರ್ಯಾಪ್ ಬಗ್ಗೆ ಒಮ್ಮತವಿಲ್ಲ, ಗುತ್ತಿಗೆ ಮೀಸಲಾತಿ ಬಗ್ಗೆ ಒಮ್ಮತವಿಲ್ಲ. ಸಂಬಳಕ್ಕೆ ಬಂದಾಗ ಎಷ್ಟು ಚೆಂದದ ಹೊಂದಾಣಿಕೆ!

ಹೊಂದಾಣಿಕೆಯ ಪ್ರಾಯೋಗಿಕ ತರಗತಿ ಬೇಕಿದ್ದರೆ 2019ರ ಜುಲೈಗೆ ಹೋಗಿ. ತಮ್ಮ ಪಕ್ಷಗಳ ವಿರುದ್ಧ ತಿರುಗಿಬಿದ್ದ 17 ಶಾಸಕರು ಅನರ್ಹರಾದರು. ಬಹುಮಂದಿ ಮುಂಬೈಯ ಹೋಟೆಲ್ಲಿಗೆ ಒಗ್ಗಿಕೊಂಡರು, ಹೊಸ ಬಾವುಟಕ್ಕೆ ಒಗ್ಗಿಕೊಂಡರು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಗೆದ್ದರು. 2020ರ ಫೆಬ್ರವರಿಯಲ್ಲಿ ಹತ್ತು ಮಂದಿ ಮಂತ್ರಿಗಳಾದರು. ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ 2023ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಸೇರಿದರು, 2024ರ ಜನವರಿಯಲ್ಲಿ ಬಿಜೆಪಿಗೆ ಮರಳಿದರು, ಜೂನ್‌ನಲ್ಲಿ ಸಂಸದರಾದರು. ಒಂಚೂರು ಸೊಂಟನೋವೂ ಇಲ್ಲ. ಮೇಲಿನವರು ಬಗ್ಗಿದರೆ ಕುರ್ಚಿ ಸಿಗುತ್ತದೆ. ನಾವು ಬಗ್ಗಿದರೆ ಗುದ್ದು.

ಮಕ್ಕಳಿಗೂ ತರಬೇತಿ ಶುರುವಾಗಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಶಿಕ್ಷಣ ಇಲಾಖೆಗೆ ಯಾರೋ ಹೇಳಿರಬೇಕು. 2021ರಲ್ಲಿ ದೇಶಕ್ಕೇ ಮೊದಲು ನಾವು ಎಂದು ಹೊಸ ಶಿಕ್ಷಣ ನೀತಿ ತಂದರು, ಪದವಿಗೆ ನಾಲ್ಕು ವರ್ಷದ ವ್ಯವಸ್ಥೆ ಬಂತು. 2024ರಲ್ಲಿ ಮತ್ತೆ ಮೂರೇ ವರ್ಷ ಎಂದರು. ಅದೇ ವರ್ಷ ಐದು, ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಬೋರ್ಡ್ ಪರೀಕ್ಷೆ ಎಂದರು. ಮಾರ್ಚ್ 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಬೇಡ ಎಂದಿತು, ಮರುದಿನ ವಿಭಾಗೀಯ ಪೀಠ ಆಗಲಿ ಎಂದಿತು, ಮಕ್ಕಳು ಪರೀಕ್ಷೆ ಬರೆಯತೊಡಗಿದರು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶ ತಡೆಯಿತು. ಹತ್ತು ವರ್ಷದ ಮಗುವಿಗೆ ಪರೀಕ್ಷೆಯ ವೇಳಾಪಟ್ಟಿಗಿಂತ ಮೊದಲು ನ್ಯಾಯಾಂಗದ ರಚನೆ ಬಾಯಿಪಾಠವಾಯಿತು.

ಅದೇ 2024ರಲ್ಲಿ ಎಸ್ಸೆಸ್ಸೆಲ್ಸಿಯ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿದರು. ನಕಲು ನಿಂತಿತು, ಫಲಿತಾಂಶ ಕುಸಿಯಿತು. ಆಗ ಬಗ್ಗಿದ್ದು ಪಾಠದ ಗುಣಮಟ್ಟವಲ್ಲ, ಪಾಸಿನ ಗೆರೆ. ಗ್ರೇಸ್ ಅಂಕ ಪಡೆಯಲು ಶೇ 35 ಇದ್ದ ಅರ್ಹತೆಯನ್ನು ಆ ವರ್ಷದ ಮಟ್ಟಿಗೆ 25ಕ್ಕೆ ಇಳಿಸಿ, ಅಂಕ ಸುರಿದರು. ಎತ್ತರ ಜಿಗಿಯಲಾರದವರಿಗೆ ಜಿಗಿತ ಕಲಿಸುವುದು ಕಷ್ಟ. ಕೋಲು ಇಳಿಸುವುದು ಸುಲಭ.

ಬೆಂಗಳೂರಿನ ಆಡಳಿತವೂ ಬಹಳ ಫ್ಲೆಕ್ಸಿಬಲ್. ಪಾಲಿಕೆಯ ಚುನಾಯಿತ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಚುನಾವಣೆ ನಾಳೆ, ನಾಡಿದ್ದು ಎನ್ನುತ್ತಲೇ ಐದು ವರ್ಷ ಉರುಳಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದು ಪಾಲಿಕೆ ಐದಾಯಿತು. ಬೋರ್ಡು ಬದಲಾಯಿತು, ಲೆಟರ್‌ಹೆಡ್ ಬದಲಾಯಿತು. ರಸ್ತೆ ಗುಂಡಿ ತನ್ನ ಜಾಗ ಬಿಟ್ಟು ಕದಲಲಿಲ್ಲ. ಇಡೀ ನಗರದಲ್ಲಿ ಯಾರಿಗೂ ಬಗ್ಗದೆ ಸ್ವಾಭಿಮಾನದಿಂದ ಬದುಕುತ್ತಿರುವುದು ಅದೊಂದೇ.

ಯಾವುದಾದರೂ ಸರ್ಕಾರಿ ಕಚೇರಿಯ ಕೌಂಟರ್ ನೋಡಿ. ಗಾಜಿನಲ್ಲಿ ಅರ್ಧಚಂದ್ರಾಕಾರದ ಒಂದು ತೂತು. ಅದು ಇರುವುದು ಒಳಗೆ ಕೂತ ಗುಮಾಸ್ತರ ಮೇಜಿನ ಮಟ್ಟಕ್ಕೆ. ಹೊರಗೆ ನಿಂತವರ ಸೊಂಟಕ್ಕಿಂತ ಚೂರು ಮೇಲೆ. ಮಾತಾಡಬೇಕಿದ್ದರೆ ಬಗ್ಗಲೇಬೇಕು. ಬಗ್ಗಿ, ಕತ್ತು ಓರೆ ಮಾಡಿ, ತೂತಿಗೆ ಬಾಯಿ ಕೊಟ್ಟು "ಸಾರ್" ಅನ್ನಬೇಕು. ಒಳಗಿನಿಂದ ಉತ್ತರ ಬರುತ್ತದೆ: "ಸರ್ವರ್ ಡೌನ್." ಅದನ್ನು ಕೇಳಲು ಬಾಯಿ ಸರಿಸಿ ಕಿವಿ ಕೊಡಬೇಕು. ಆ ತೂತನ್ನು ಒಂದಡಿ ಮೇಲೆ ಕೊರೆಯಲು ಯಾವ ಬಜೆಟ್ಟೂ ಬೇಡ. ಆದರೆ ಜನ ನೆಟ್ಟಗೆ ನಿಂತು ಮಾತಾಡಿಬಿಡುತ್ತಾರಲ್ಲ!

ನ್ಯಾಯಬೆಲೆ ಅಂಗಡಿಗೆ ಬನ್ನಿ. ಕಳೆ ಕಿತ್ತು, ಪಾತ್ರೆ ತಿಕ್ಕಿ ಬೆರಳಿನ ಗೆರೆ ಸವೆದ ಅಜ್ಜಿ. ಯಂತ್ರ ಒಪ್ಪುತ್ತಿಲ್ಲ. "ಇನ್ನೊಂದು ಸಲ ಇಡಿ ಅಜ್ಜಿ. ಸೀರೆಗೆ ಒರೆಸ್ಕೊಂಡು ಇಡಿ. ಒತ್ತಿ ಇಡಿ. ಇಲ್ಲ, ತಗೋತಿಲ್ಲ. ನಾಳೆ ಬನ್ನಿ." ಬೆರಳು ಯಾಕೆ ಸವೆಯಿತು ಎಂದು ಯಂತ್ರ ಕೇಳುವುದಿಲ್ಲ. ಲಕ್ಷಾಂತರ ರೂಪಾಯಿಯ ತಂತ್ರಜ್ಞಾನಕ್ಕೆ ಒಂದು ಬೆರಳಿಗೆ ಹೊಂದಿಕೊಳ್ಳಲು ಬರುವುದಿಲ್ಲ. ಎಪ್ಪತ್ತು ದಾಟಿದ ಬೆರಳು ತಂತ್ರಜ್ಞಾನಕ್ಕೆ ಹೊಂದಿಕೊಳ್ಳಬೇಕು. ಇದಕ್ಕೆ ಜನಸ್ನೇಹಿ ಆಡಳಿತ ಎಂದು ಹೆಸರು.

ಮನೆಯೊಳಗೆ ಈ ಹೊಂದಾಣಿಕೆಯ ಮೂಲ ಪಾಠಶಾಲೆಯಿದೆ. ಮದುವೆ ಗೊತ್ತಾದ ದಿನವೇ ಹುಡುಗಿಗೆ ಶುರು. "ಹೊಂದಿಕೊಂಡು ಹೋಗಮ್ಮ." ಹುಡುಗನಿಗೆ ಯಾರೂ ಏನೂ ಹೇಳುವುದಿಲ್ಲ, ಅವನಿಗೆ ಸೂಟಿನ ಅಳತೆ ಕೊಡುವುದೇ ದೊಡ್ಡ ಕೆಲಸ. ಅವಳು ಊರು ಬಿಡಬೇಕು, ಅಡುಗೆಯ ಖಾರ ಬದಲಿಸಬೇಕು, ಏಳುವ ಹೊತ್ತು ಬದಲಿಸಬೇಕು, ಎಷ್ಟೋ ಕಡೆ ಹೆಸರೂ ಬದಲಿಸಬೇಕು. ಅವನು ಟವೆಲನ್ನು ಹಾಸಿಗೆಯ ಮೇಲೆ ಎಸೆಯುವ ಅಭ್ಯಾಸ ಬದಲಿಸಬೇಕಿಲ್ಲ. ಗಂಡಸರು ಹಾಗೇ ಅಲ್ವಾ ಎನ್ನುತ್ತಾರೆ ಮನೆಯ ಹಿರಿಯರು, ಪ್ರಕೃತಿ ನಿಯಮ ಹೇಳಿದ ಧಾಟಿಯಲ್ಲಿ. ಅದೇ ಗಂಡಸು ಸೋಮವಾರ ಆಫೀಸಿನಲ್ಲಿ ಅಡಾಪ್ಟಬಿಲಿಟಿ ಬಗ್ಗೆ ಪಿ.ಪಿ.ಟಿ. ತೋರಿಸುತ್ತಾನೆ.

ಹಾಗಾದರೆ ಒಗ್ಗಿಕೊಳ್ಳುವುದೇ ತಪ್ಪೇ ಎಂದು ಯಾರಾದರೂ ಮೂಗು ಮುರಿಯುತ್ತಾರೆ. ಅಲ್ಲ ಸ್ವಾಮಿ. ಅದಿಲ್ಲದಿದ್ದರೆ ಈ ನಾಡು ಎಂದೋ ಮುಳುಗುತ್ತಿತ್ತು. ಮುಂಗಾರು ಕೈಕೊಟ್ಟಾಗ ಬೀಜ ಬದಲಿಸಿ ರಾಗಿಯನ್ನೋ ಹುರುಳಿಯನ್ನೋ ಎರಚುವ ರೈತನಿಗೆ ಯಾವ ತರಬೇತುದಾರನೂ ಕಲಿಸಿಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ವಿದ್ಯಾಗಮ ಯೋಜನೆಯ ಮೇಷ್ಟ್ರುಗಳು, ಮೇಡಂಗಳು ದೇವಸ್ಥಾನದ ಕಟ್ಟೆ, ಅರಳಿಮರದ ನೆರಳು, ಯಾರದೋ ಪಡಸಾಲೆಯಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ಅವರಿಗೆ ಬಫೆ ಇರಲಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರು ಬಾಯಾರಿದಾಗ ಜನ ಬಟ್ಟೆ ಒಗೆದ ನೀರನ್ನೇ ಕಕ್ಕಸಿಗೆ ಸುರಿದು ದಿನ ದೂಡಿದರು. ಜಲಮಂಡಳಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತು. ಕೆರೆಗಳನ್ನು ತೊಳೆದು ಸೈಟು ಮಾಡಿದವರಿಗೆ ಎಷ್ಟು ಎಂದು ಹೇಳಲಿಲ್ಲ.

ಅಂದರೆ ಒಗ್ಗಿಕೊಳ್ಳುವ ವಿದ್ಯೆ ಗೊತ್ತಿರುವವರಿಗೇ ಮತ್ತೆ ಮತ್ತೆ ಅದೇ ಪಾಠ. ಗೊತ್ತಿಲ್ಲದವರೇ ಮೇಷ್ಟ್ರು.

ಒಗ್ಗಿಕೊಳ್ಳುವುದಕ್ಕೆ ಮೂರು ಸಂಗತಿ ಬೇಕು, ಇದನ್ನು ಯಾವ ಪರದೆಯೂ ತೋರಿಸುವುದಿಲ್ಲ. ಮುಂಚಿತವಾಗಿ ತಿಳಿಸಬೇಕು. ಕೈಯಲ್ಲಿ ನಾಲ್ಕು ಕಾಸು ಇರಬೇಕು. ಮತ್ತೆ ನೆಟ್ಟಗಾಗಲು ಜಾಗ ಇರಬೇಕು. ಚಡ್ಡಿಯ ಎಲಾಸ್ಟಿಕ್ಕು ಕೂಡ ಎಳೆದು ಬಿಟ್ಟರೆ ಬಾಳುತ್ತದೆ, ಎಳೆದೇ ಹಿಡಿದಿದ್ದರೆ ಒಂದು ದಿನ ಎಲ್ಲರೆದುರು ಕೈಕೊಡುತ್ತದೆ. ಉಳಿತಾಯವಿರುವವನು ಕೆಲಸ ಬಿಟ್ಟು ಹೊಸದು ಕಲಿತರೆ ಅದು ಸಾಹಸ. ಇ.ಎಂ.ಐ. ಇರುವವನಿಗೆ ಅದೇ ಮಾತು ಹೇಳಿದರೆ ಅದು ಬೆದರಿಕೆ.

ಇನ್ನೊಂದು ಗುಟ್ಟು ಕೇಳಿ. ಬಗ್ಗದಿದ್ದಾಗಲೇ ಇಲ್ಲಿ ಕೆಲಸ ಆಗಿರುವುದು. ಮೆಟ್ರೊ ದರಕ್ಕೆ ಜನ ಗಲಾಟೆ ಮಾಡಿದ ಮೇಲೆ ಐದೇ ದಿನದಲ್ಲಿ ಕೆಲವು ಹಂತಗಳ ದರ ಇಳಿಯಿತು. ಅದುವರೆಗೆ ಇಳಿಸಲು ಸಾಧ್ಯವೇ ಇಲ್ಲದ ಲೆಕ್ಕ ಇಳಿಯಲು ಕಲಿಯಿತು. 14 ಗಂಟೆಯ ಪ್ರಸ್ತಾವ ನೌಕರರು ಕೂಗಿದ್ದಕ್ಕೇ ನಿಂತಿತು. 2025ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಂಪನಿಯೊಂದು ಈ ಗುಂಡಿ, ಈ ದೂಳು ಸಾಕು, ನಾವು ಇಲ್ಲಿಂದ ಹೊರಟೆವು ಎಂದು ಎಕ್ಸ್‌ನಲ್ಲಿ ಬರೆದದ್ದೇ ತಡ, ಗುಂಡಿ ಮುಚ್ಚಲು ಗಡುವು ಘೋಷಣೆಯಾಯಿತು. ಅದೇ ಗುಂಡಿಯಲ್ಲಿ ಬಿದ್ದು ಮೂಳೆ ಮುರಿದುಕೊಂಡವರು ವರ್ಷಗಟ್ಟಲೆ ಹೊಂದಿಕೊಂಡಿದ್ದರು. ಅವರಿಗೆ ಸಿಕ್ಕಿದ್ದು ಬ್ಯಾಂಡೇಜು.

ಹೀಗಾಗಿ ನನ್ನದೊಂದು ಸಲಹೆ. ಫೀ ಇಲ್ಲ. ಯಾರಾದರೂ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಎಂದರೆ ಜಗಳ ಬೇಡ, ನಗುತ್ತಲೇ ಕೇಳಿ. ಎಷ್ಟು ದಿನ? ಬದಲಿಗೆ ಏನು? ನಿಮ್ಮ ಪಾಲಿನ ಅಡ್ಜಸ್ಟ್ ಎಷ್ಟು? ಮೂರಕ್ಕೂ ಬಾಯಿಮಾತಿನ ಉತ್ತರ ಒಪ್ಪಬೇಡಿ. "ಒಂದು ಮೇಲ್ ಹಾಕಿಬಿಡಿ ಸಾರ್" ಎನ್ನಿ. "ಬರೆದುಕೊಡಿ ಮೇಡಂ" ಎನ್ನಿ. ನಮ್ಮ ಒಪ್ಪಿಗೆಯನ್ನು ಅವರು ಲಿಖಿತವಾಗಿ ತೆಗೆದುಕೊಳ್ಳುತ್ತಾರೆ ತಾನೇ? ಅವರ ಅಪ್ಪಣೆಯೂ ಲಿಖಿತವಾಗಿ ಬರಲಿ.

ಆಗ ನೋಡಿ ತಮಾಷೆ. ಅಷ್ಟು ಹೊತ್ತು ನಿಯಮವಾಗಿದ್ದದ್ದು ವಿನಂತಿಯಾಗುತ್ತದೆ. ಅರ್ಜೆಂಟ್ ಇದ್ದದ್ದಕ್ಕೆ ನಾಳೆಯವರೆಗೆ ಟೈಮ್ ಸಿಗುತ್ತದೆ. ಸರ್ವರ್ ತಾನಾಗಿ ಮೇಲೇಳುತ್ತದೆ. ಈ ದೇಶದಲ್ಲಿ ದೊಡ್ಡವರ ಬೆನ್ನು ಬಗ್ಗಿಸುವ ಆಸನ ಇದೊಂದೇ: ಕೆಳಗೆ ಸಹಿ ಹಾಕಿ ಅನ್ನುವುದು.